‘ಕವಲುದಾರಿ’ ಸ್ಲೋ ಅನ್ನುವವರಿಗೆ ನಮ್ಮದೊಂದು ಮಾತು

‘ಕವಲುದಾರಿ’ ತೆರೆಗೆ ಬಂದದ್ದು 2019ರ ಏಪ್ರಿಲ್ 12ರಂದು. ನಮ್ಮ ಊರುಗಳ ಕಡೆ ಅದನ್ನು ಟಾಕೀಸಿನಲ್ಲಿ ನೋಡಿದವರು ಕಡಿಮೆ, ಆಮೇಲೆ ಮೊಬೈಲಿನಲ್ಲಿ ನೋಡಿದವರೇ ಹೆಚ್ಚು. ಇಷ್ಟು ವರ್ಷವಾದರೂ ಈ ಸಿನಿಮಾದ ಮಾತು ಬಂದರೆ ಜನ ಎರಡು ಪಾರ್ಟಿ ಆಗುತ್ತಾರೆ. “ಕನ್ನಡದಲ್ಲೂ ಇಂಥ ಸಿನಿಮಾ ಮಾಡ್ತಾರಲ್ಲ!” ಅಂತ ಒಂದು ಪಾರ್ಟಿ. “ಅರ್ಧಕ್ಕೇ ನಿದ್ದೆ ಬಂತು” ಅಂತ ಇನ್ನೊಂದು ಪಾರ್ಟಿ. ನಮ್ಮ ಬಳಗದಲ್ಲೂ ಇದೇ ಜಗಳ. ಅದಕ್ಕೇ ನಾವು ನಮ್ಮ ನಮ್ಮ ಊರಿನಲ್ಲಿ ಈ ಸಿನಿಮಾ ನೋಡಿದವರನ್ನು ಮಾತಾಡಿಸಿದೆವು. ಅವರು ಹೇಳಿದ್ದು, ಅದಕ್ಕೆ ನಮಗನ್ನಿಸಿದ್ದು, ಎರಡನ್ನೂ ಇಲ್ಲಿ ಬರೆದಿದ್ದೇವೆ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಬೆಂಗಳೂರಿನಲ್ಲಿ ನೆಲ ಅಗೆಯುವಾಗ ಮನುಷ್ಯರ ಮೂಳೆಗಳು ಸಿಗುತ್ತವೆ. ಅವು ಸುಮಾರು ನಲವತ್ತು ವರ್ಷ ಹಳೆಯವು. ಇಷ್ಟು ಹಳೇ ಕೇಸು ಯಾರಿಗೆ ಬೇಕು ಅಂತ ಇಲಾಖೆ ಸುಮ್ಮನಾಗುವ ಹೊತ್ತಿಗೆ ಶ್ಯಾಮ್ ಎಂಬ ಟ್ರಾಫಿಕ್ ಪೊಲೀಸ್ ಅಧಿಕಾರಿ ಅದರ ಹಿಂದೆ ಬೀಳುತ್ತಾನೆ. ನಿಜ ಹೇಳಬೇಕೆಂದರೆ ಅದು ಅವನ ಕೆಲಸವೇ ಅಲ್ಲ. ಹುಡುಕುತ್ತಾ ಹೋದರೆ, 1970ರ ದಶಕದಲ್ಲಿ ನಾಪತ್ತೆಯಾದ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರ ಕುಟುಂಬದ ವಿಷಯ ಬರುತ್ತದೆ. ಆ ಕೇಸು ಮುಗಿಸಲಾಗದೆ ಕುಡಿತಕ್ಕೆ ಬಿದ್ದ ನಿವೃತ್ತ ಪೊಲೀಸ್ ಮುತ್ತಣ್ಣ ಸಿಗುತ್ತಾರೆ. ಸಣ್ಣದೊಂದು ಪತ್ರಿಕೆ ನಡೆಸುವ ಕುಮಾರ್ ಸಿಗುತ್ತಾರೆ. ಎಳೆ ಹಿಡಿದು ಹೋದಂತೆ ಅದು ದೊಡ್ಡವರ ಮನೆ ಬಾಗಿಲಿಗೆ ಮುಟ್ಟುತ್ತದೆ. ಯಾರ ಮನೆ ಅಂತ ನಾವು ಹೇಳುವುದಿಲ್ಲ.

ಶ್ಯಾಮ್ ಆಗಿ ರಿಷಿ, ಮುತ್ತಣ್ಣನಾಗಿ ಅನಂತನಾಗ್, ಕುಮಾರ್ ಆಗಿ ಅಚ್ಯುತ್ ಕುಮಾರ್ ನಟಿಸಿದ್ದಾರೆ. ನಿರ್ದೇಶನ ಹೇಮಂತ್ ರಾವ್ ಅವರದು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಮಾಡಿದವರು ಇವರೇ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಸಿನಿಮಾ ಇದು. 2021ರಲ್ಲಿ ತಮಿಳು, ತೆಲುಗಿಗೂ ಹೋಯಿತು.

ಜನ ಏನಂತಾರೆ?

ಎಲ್ಲರಿಂದಲೂ ಬಂದ ಮೊದಲ ದೂರು ಒಂದೇ: ಸ್ಲೋ. “ಎತ್ತಿನ ಗಾಡಿ ಹೋದಂಗ ಹೋಗತೈತ್ರಿ, ಫೈಟಿಲ್ಲ, ಕುಣಿತ ಇಲ್ಲ” ಅಂದರು ಒಬ್ಬ ಹಿರಿಯರು. ಕಾಲೇಜು ಓದುವ ಹುಡುಗನೊಬ್ಬ ಹೇಳಿದ್ದು ಹೀಗೆ: “ಮಧ್ಯ ಒಂದು ಫೋನ್ ಬಂತಣ್ಣ. ಮಾತಾಡಿ ಬರೋಷ್ಟ್ರಲ್ಲಿ ಯಾರು ಯಾರಿಗೆ ಏನಾಗ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ.”

ಎರಡನೆಯದು ಸ್ಟೈಲಿನ ಮಾತು. ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾ, ಚರಣ್ ರಾಜ್ ಅವರ ಸಂಗೀತ ಎಲ್ಲರಿಗೂ ಹಿಡಿಸಿದೆ. ಮಂದ ಬೆಳಕು, ರಾತ್ರಿಯ ಬೆಂಗಳೂರು, ಏನೋ ಆಗಲಿದೆ ಎಂಬ ಅಳುಕು. ಆದರೆ “ಅಷ್ಟೊಂದು ಕತ್ತಲೆ ಯಾಕೆ, ನಮ್ಮ ಫೋನಲ್ಲಿ ಮುಖಾನೇ ಕಾಣಲ್ಲ” ಅಂದವರೂ ಇದ್ದಾರೆ. ಹಗಲಲ್ಲಿ ಬಿಸಿಲಿಗೆ ಕೂತು ನೋಡಿದರೆ ಆ ಮಾತು ಖರೇನೇ. ರಾತ್ರಿ ನೋಡಿ, ಇಯರ್‌ಫೋನ್ ಹಾಕಿಕೊಳ್ಳಿ.

ಮೂರನೆಯದನ್ನು ಹೇಳಿದವರು ಸ್ವಸಹಾಯ ಸಂಘದ ಅಕ್ಕ ಒಬ್ಬರು. “ಗಂಡಸರೇ ಹುಡುಕ್ತಾರೆ, ಗಂಡಸರೇ ಬಚ್ಚಿಡ್ತಾರೆ. ಹೆಂಗಸರಿಗೆ ಏನು ಕೆಲಸ ಕೊಟ್ಟವ್ರೆ?” ಈ ಮಾತಿಗೆ ನಮ್ಮಲ್ಲಿ ಉತ್ತರ ಇಲ್ಲ. ಅವರು ಹೇಳಿದ್ದು ಸರಿ. ರೋಷಿನಿ ಪ್ರಕಾಶ್, ಸುಮನ್ ರಂಗನಾಥನ್ ಇಬ್ಬರಿಗೂ ಇನ್ನಷ್ಟು ಜಾಗ ಸಿಗಬೇಕಿತ್ತು.

ನಾಲ್ಕನೆಯ ಅಭಿಪ್ರಾಯ ನಮ್ಮನ್ನು ಹೆಚ್ಚು ಕಾಡಿದ್ದು: “ದೊಡ್ಡವರೆಲ್ಲಾ ಹೀಗೇ ಬಿಡ್ರಪ್ಪ. ಎಲ್ಲಾ ಒಳಗೊಳಗೇ ಮಾಡ್ಕೊಂಡಿರ್ತಾರೆ. ನಮ್ಮಂಥೋರು ಏನು ಮಾಡೋಕಾಗುತ್ತೆ?”

ಮೊದಲನೆಯ ದೂರಿಗೂ ಈ ನಾಲ್ಕನೆಯ ಮಾತಿಗೂ ಒಂದು ನಂಟಿದೆ ಅನ್ನುವುದು ನಮ್ಮ ವಾದ.

ಪಿತೂರಿ ನಿಧಾನಕ್ಕೇ ಸಿಗುವುದು

ಶ್ಯಾಮ್ ಸಿನಿಮಾದಲ್ಲಿ ಏನು ಮಾಡುತ್ತಾನೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಹಳೇ ಕಾಗದ ಹುಡುಕುತ್ತಾನೆ. ಮರೆತವರ ಹತ್ತಿರ ಹೋಗಿ ಕೇಳುತ್ತಾನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡುತ್ತಾನೆ. ಬಾಗಿಲು ಮುಚ್ಚಿದರೆ ಮತ್ತೆ ಹೋಗುತ್ತಾನೆ. ಇಷ್ಟು ಮಾಡಲು ಹೊತ್ತು ಬೇಕು. ಅದನ್ನೇ ನಾವು ಸ್ಲೋ ಅನ್ನುತ್ತಿದ್ದೇವೆ.

ಪತ್ರಿಕೋದ್ಯಮ ಓದುವಾಗ ನಮಗೆ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಎಂಬ 1976ರ ಇಂಗ್ಲಿಷ್ ಸಿನಿಮಾ ತೋರಿಸಿದ್ದರು. ಅಮೆರಿಕದ ವಾಟರ್‌ಗೇಟ್ ಹಗರಣದ ಕಥೆ ಅದು. 1972ರಲ್ಲಿ ವಿರೋಧ ಪಕ್ಷದ ಕಚೇರಿಗೆ ಕಳ್ಳರು ನುಗ್ಗುತ್ತಾರೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಇಬ್ಬರು ವರದಿಗಾರರು ಅದರ ಬೆನ್ನು ಹತ್ತುತ್ತಾರೆ. ಅವರು ಮಾಡುವುದೆಲ್ಲ ಫೋನು, ಬಾಗಿಲು ಬಡಿಯುವುದು, ಲೈಬ್ರರಿಯಲ್ಲಿ ಕೂತು ಪುಸ್ತಕ ಪಡೆದವರ ಚೀಟಿಗಳನ್ನು ಒಂದೊಂದಾಗಿ ತಿರುವುವುದು. ಅಲ್ಲೂ ಫೈಟಿಲ್ಲ. ಕೊನೆಗೆ 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಪತ್ರಿಕೆ ಮಾತ್ರವಲ್ಲ, ಕೋರ್ಟು, ಸಂಸತ್ತು ಎಲ್ಲವೂ ಕೆಲಸ ಮಾಡಿದ ಮೇಲೆ ಆದದ್ದು ಅದು. ಆ ಪಿತೂರಿ ನಿಜ. ಆದರೆ ಅದು ನಿಜ ಅಂತ ತೋರಿಸಲು ಅಷ್ಟು ಚೀಟಿ ತಿರುವಬೇಕಾಯಿತು.

ಈಗ ನಮ್ಮ ಕೈಯಲ್ಲಿರುವ ಅದೇ ಫೋನಿಗೆ ಬನ್ನಿ. ಅದಕ್ಕೆ ಬರುವ ಪಿತೂರಿ ಕಥೆಗಳು ಸ್ಲೋ ಅಲ್ಲವೇ ಅಲ್ಲ. ಅರ್ಧ ನಿಮಿಷದ ವಿಡಿಯೋ, ಕೆಳಗೆ ನಾಲ್ಕು ಸಾಲು, ‘ಕೂಡಲೇ ಎಲ್ಲರಿಗೂ ಕಳಿಸಿ’. ಸಿನಿಮಾದಲ್ಲಿ ಕೊಲೆಗಾರ ಯಾರು ಅನ್ನುವುದು ಕೊನೆಗೆ ಗೊತ್ತಾಗುತ್ತದೆ. ಫಾರ್ವರ್ಡಿನಲ್ಲಿ ಮೊದಲ ಸಾಲಿನಲ್ಲೇ ತೀರ್ಪು ಇರುತ್ತದೆ, ಸಾಕ್ಷಿ ಕೊನೆಗೂ ಬರುವುದಿಲ್ಲ.

ಇದರ ಬೆಲೆ ಏನು ಅಂತ ನಮ್ಮ ರಾಜ್ಯ 2018ರಲ್ಲಿ ನೋಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆ ವರ್ಷ ಫೋನಿಂದ ಫೋನಿಗೆ ಹಬ್ಬಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಜನ ಹೊಡೆದು ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಸುದ್ದಿ ವಾಟ್ಸಾಪ್ ಗ್ರೂಪಿಗೆ ಹೋಯಿತು. ಕಾರು ಮುರ್ಕಿ ಎಂಬ ಊರು ಮುಟ್ಟುವ ಹೊತ್ತಿಗೆ ಅಲ್ಲಿ ಜನ ಸೇರಿಯಾಗಿತ್ತು. ಗುಂಪಿನಲ್ಲಿದ್ದ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಹೋಯಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅಲ್ಲಿ ಮಕ್ಕಳ ಕಳ್ಳರು ಯಾರೂ ಇರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಅಂತ ಮಿತಿ ಹಾಕಿತು.

ಮುರ್ಕಿಯಲ್ಲಿ ಒಬ್ಬರಾದರೂ “ಸ್ವಲ್ಪ ನಿಲ್ಲಿ, ಆ ಊರಿನವರಿಗೆ ಫೋನ್ ಮಾಡಿ ಕೇಳೋಣ, ಯಾರ ಮಗು ಕಾಣೆಯಾಗಿದೆ?” ಅಂದು, ಉಳಿದವರು ಆ ಮಾತಿಗೆ ಬೆಲೆ ಕೊಟ್ಟಿದ್ದರೆ? ಸಿನಿಮಾದಲ್ಲಿ ನಮಗೆ ನಿದ್ದೆ ಬರಿಸಿದ ಆ ನಿಧಾನವೇ ಅಲ್ಲಿ ಒಂದು ಜೀವ ಉಳಿಸುತ್ತಿತ್ತು.

ಏನೂ ಮಾಡೋಕಾಗಲ್ವಾ?

ಇನ್ನು ನಾಲ್ಕನೆಯ ಮಾತು. ದೊಡ್ಡವರೆಲ್ಲ ಸೇರಿ ಒಳಗೇ ಮಾಡುತ್ತಾರೆ, ನಮ್ಮ ಕೈಲಿ ಏನಿದೆ ಅನ್ನುವುದು. ಪಿತೂರಿಯ ಸಿನಿಮಾ ನೋಡಿ ಎದ್ದವರಿಗೆ ಈ ಭಾವನೆ ಬರುವುದು ಸಹಜ. ಕೆಟ್ಟ ಫಾರ್ವರ್ಡು ಕೂಡ ಬಿತ್ತುವುದು ಇದನ್ನೇ. ಎಲ್ಲರೂ ಕಳ್ಳರು ಅಂತ ಒಂದು ಸಲ ಒಪ್ಪಿಕೊಂಡರೆ, ಯಾವ ಕಳ್ಳನನ್ನೂ ಹುಡುಕುವ ಕೆಲಸ ಉಳಿಯುವುದಿಲ್ಲ. ನಿಜವಾದ ಕಳ್ಳನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

‘ಕವಲುದಾರಿ’ ಹೇಳುವುದು ಅದನ್ನಲ್ಲ. ಅಲ್ಲಿ ಎಳೆ ಹಿಡಿಯುವವನು ಮಂತ್ರಿಯೂ ಅಲ್ಲ, ಕಮಿಷನರೂ ಅಲ್ಲ. ರಸ್ತೆಯಲ್ಲಿ ನಿಂತು ಗಾಡಿ ತಡೆಯುವ ಒಬ್ಬ. ಅವನ ಜೊತೆಗಿರುವುದು ಸೋತು ಮನೆ ಸೇರಿದ ಒಬ್ಬ ಮುದುಕ.

ನಮ್ಮ ಊರಿಗೂ ಇದು ಅನ್ವಯಿಸುತ್ತದೆ. ಹೋದ ವರ್ಷ ಹಾಕಿದ ಸಿಸಿ ರಸ್ತೆ ಈ ಮಳೆಗೆ ಕಿತ್ತು ಬಂದಿದೆ ಅಂದುಕೊಳ್ಳಿ. ಅರಳಿಕಟ್ಟೆ ಮೇಲೆ ಕೂತು “ಎಲ್ಲಾ ತಿಂದ್ರು” ಅನ್ನುವುದಕ್ಕೆ ಒಂದು ನಿಮಿಷ ಸಾಕು. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಪಂಚಾಯಿತಿ ಕೆಲಸವಾದರೆ ಅರ್ಜಿ ಪಿಡಿಓ ಅವರಿಗೆ. ಎಸ್ಟಿಮೇಟ್ ಕಾಪಿ, ಅಳತೆ ಪುಸ್ತಕ, ಬಿಲ್ಲು, ಈ ಮೂರನ್ನು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಇದೆ. ಹೌದು, ಸ್ಲೋ. ಆದರೆ ಕೈಗೆ ಕಾಗದ ಸಿಗುತ್ತದೆ. ಎಸ್ಟಿಮೇಟಿನಲ್ಲಿ ಆರು ಇಂಚು ದಪ್ಪ ಅಂತ ಇದ್ದು ರಸ್ತೆಯಲ್ಲಿ ನಾಲ್ಕೇ ಇಂಚು ಇದ್ದರೆ, ಅದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಹಾಗೆಯೇ ಎಲ್ಲ ಸರಿಯಿದ್ದರೆ, ಸುಮ್ಮನೆ ಒಬ್ಬರ ಮೇಲೆ ಗೂಬೆ ಕೂರಿಸುವ ಪಾಪವೂ ತಪ್ಪುತ್ತದೆ.

ಫೋನಿಗೆ ಬಂದದ್ದಕ್ಕೂ ಇಷ್ಟೇ ಲೆಕ್ಕ. ಸಂದೇಶದ ಮೇಲೆ ಎರಡು ಬಾಣದ ಗುರುತು ಇದೆಯೇ ನೋಡಿ. ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, ಕಳಿಸಿದವರಿಗೂ ಅದರ ಮೂಲ ಗೊತ್ತಿರಲಿಕ್ಕಿಲ್ಲ. ಯಾವ ಊರು, ಯಾವ ದಿನ, ಯಾರು ಕಣ್ಣಾರೆ ಕಂಡರು, ಈ ಮೂರು ಕೇಳಿ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ಕೊನೆಗೆ ಸಿನಿಮಾ ಹೇಗಿದೆ ಅಂತ ಕೇಳಿದರೆ, ನಮ್ಮ ಬಳಗದ ಒಟ್ಟು ತೀರ್ಮಾನ ಇಷ್ಟು: ಕೆಲವು ಕಡೆ ಎಳೆದಿದ್ದಾರೆ, ಹೆಣ್ಣು ಪಾತ್ರಗಳನ್ನು ಕಡೆಗಣಿಸಿದ್ದಾರೆ. ಆದರೂ ನೋಡಲೇಬೇಕಾದ ಸಿನಿಮಾ. ಅನಂತನಾಗ್ ಒಬ್ಬರಿಗಾಗಿಯಾದರೂ ನೋಡಿ. ಮಧ್ಯದಲ್ಲಿ ಫೋನ್ ಬಂದರೆ ಸಿನಿಮಾ ನಿಲ್ಲಿಸಿ ಮಾತಾಡಿ, ಓಡಿಸಬೇಡಿ. ಓಡಿಸಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ, ಅವನು ಸಿಕ್ಕಿದ್ದು ಹೇಗೆ ಅಂತ ಗೊತ್ತಾಗುವುದಿಲ್ಲ.