ಕೇಳಿದವನಿಗೆ ಉತ್ತರ ಕೊಡಿರಿ

ಅಂಕೋಲೆಯ ಕಡೆಯ ಶಾಲಾಮಾಸ್ತರರೊಬ್ಬರು ಕಳೆದ ತಿಂಗಳು ಕಾರವಾರದ ನಮ್ಮ ಕಚೇರಿಗೆ ಬಂದಿದ್ದರು. ಉತ್ತರ ಕನ್ನಡ ಜಿಲ್ಹೆಯ ಹಿಂದಿನ ತಲೆಮಾರಿನ ಕವಿಗಳ ಆಯ್ದ ಕವಿತೆಗಳನ್ನು ಕೂಡಿಸಿ, ಊರವರಿಂದ ವರ್ಗಣಿ ಎತ್ತಿ, ಒಂದು ಚಿಕ್ಕ ಪುಸ್ತಕವನ್ನು ಮುದ್ರಿಸಬೇಕೆಂಬುದು ಅವರ ಸಂಕಲ್ಪ. ಅದಕ್ಕಾಗಿ ಒಂಬತ್ತು ಕಡೆಗೆ ಪರವಾನಗಿ ಬೇಡಿ ಪತ್ರ ಬರೆದಿದ್ದರು. ಎರಡು ಕಡೆಯಿಂದ ಸಂತೋಷದ ಒಪ್ಪಿಗೆ ಬಂದಿತು. ಒಂದು ಕಡೆಯಿಂದ ಹಕ್ಕೆಲ್ಲ ತಮ್ಮದೆಂಬ ಗದರಿಕೆ ಬಂದಿತು, ಅದಕ್ಕೆ ಆಧಾರಪತ್ರ ಮಾತ್ರ ಬರಲಿಲ್ಲ. ಉಳಿದ ಆರು ಕಡೆಯಿಂದ ಏನೂ ಬರಲಿಲ್ಲ. ಒಂದು ವರ್ಷ ಕಾದು ಬೇಸತ್ತ ಅವರು, “ವಕೀಲರೇ, ಬೇಡವೆಂದಾದರೂ ಎರಡು ಸಾಲು ಬರೆಯಬಾರದೇ?” ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವು.

ಗ್ರಂಥಕರ್ತನ ಹಕ್ಕನ್ನು ಅಲ್ಲಗಳೆಯುವವರು ನಾವಲ್ಲ. ಈಗಿನ ಕಾಯದೆಯಂತೆ ಆ ಹಕ್ಕು ಕರ್ತೃವಿನ ಜೀವಮಾನವೆಲ್ಲ ಇದ್ದು, ಆತನು ತೀರಿಕೊಂಡ ವರ್ಷದ ತರುವಾಯ 60 ವರ್ಷ ನಡೆಯುತ್ತದೆ. 1964ರಲ್ಲಿ ದಿವಂಗತರಾದ ಆಲೂರ ವೆಂಕಟರಾಯರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಗ್ರಂಥಗಳು 2025ರ ಜನವರಿ 1ರಿಂದ ಸರ್ವರ ಸ್ವತ್ತಾಗಿವೆ. ಏಕೀಕರಣದ ಮನಸ್ಸನ್ನು ಹದಗೊಳಿಸಿದ ‘ಕರ್ನಾಟಕ ಗತವೈಭವ’ವನ್ನು ಇನ್ನು ಯಾವ ಊರಿನ ಸಂಘವಾದರೂ ಯಾರನ್ನೂ ಕೇಳದೆ ಅಚ್ಚು ಹಾಕಿಸಬಹುದು. ಆದರೆ 1982ರಲ್ಲಿ ತೀರಿಕೊಂಡ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕುಗಳ ಹಕ್ಕು 2042ರ ಕೊನೆಯ ವರೆಗೆ ಇದೆ. ಅವನ್ನು ಸಂಗ್ರಹವಾಗಿ ಮುದ್ರಿಸುವವನು ಕೇಳಿಯೇ ಮುದ್ರಿಸತಕ್ಕದ್ದು.

ಇಲ್ಲಿ ಕೆಲವು ತರುಣರು ಬಿಸಿರಕ್ತದಿಂದ ಹೇಳುವುದುಂಟು: “1930ರ ಏಪ್ರಿಲ್ 13ರಂದು ಇದೇ ಅಂಕೋಲೆಯಲ್ಲಿ ನಮ್ಮ ಹಿರಿಯರು ಉಪ್ಪಿನ ಕಾಯದೆಯನ್ನು ಮುರಿಯಲಿಲ್ಲವೇ? ಕೇಳುವುದೇಕೆ? ಅಚ್ಚು ಹಾಕಿರಿ!” ಈ ಹೋಲಿಕೆಯು ಸಲ್ಲದು. ಉಪ್ಪನ್ನು ಕೊಟ್ಟದ್ದು ಕಡಲು ಮತ್ತು ಬಿಸಿಲು. ಅದರ ಮೇಲೆ ಪರಸರಕಾರವು ಕರ ಹೇರಿದ್ದೇ ಅನ್ಯಾಯ. ಕವಿತೆಯನ್ನು ಕೊಟ್ಟದ್ದು ಒಬ್ಬ ಮನುಷ್ಯನ ದುಡಿಮೆ. ಆ ಸತ್ಯಾಗ್ರಹವನ್ನು ಕಲಿಸಿದ ಗಾಂಧೀಜಿಯವರು 1910ರಲ್ಲಿ ‘ಹಿಂದ್ ಸ್ವರಾಜ್’ದ ಇಂಗ್ಲಿಷ್ ಆವೃತ್ತಿಯ ಮೇಲೆ, ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲವೆಂದು ಅಚ್ಚು ಹಾಕಿಸಿದರು. ಅವರು ಬಿಟ್ಟುಕೊಟ್ಟದ್ದು ತಮ್ಮ ಹಕ್ಕನ್ನು; ಮತ್ತೊಬ್ಬನದನ್ನಲ್ಲ. ತನ್ನದನ್ನು ಬಿಡುವುದು ತ್ಯಾಗ, ಪರರದನ್ನು ಕಸಿದುಕೊಳ್ಳುವುದು ಅಪಹಾರ.

ಹಾಗಾದರೆ ನಮ್ಮ ತಕರಾರು ಯಾವುದರ ಮೇಲೆ? ಮೌನದ ಮೇಲೆ. ಹಕ್ಕುಳ್ಳವನು ಕೊಡಬಹುದು, ಬೆಲೆ ಕೇಳಬಹುದು, ಕೊಡುವುದಿಲ್ಲವೆಂದೂ ಹೇಳಬಹುದು. ಪತ್ರವನ್ನು ಮೂಲೆಗೆ ಎಸೆದು ಸುಮ್ಮನೆ ಕೂಡ್ರುವುದು ಮಾತ್ರ ಹಕ್ಕಲ್ಲ, ಆಲಸ್ಯ. ಪ್ರಕಟವಾದ ಗ್ರಂಥದ ಮರುಮುದ್ರಣವನ್ನು ನಿರಾಕರಿಸಿ, ಅದರಿಂದ ಗ್ರಂಥವೇ ಜನರಿಗೆ ದೊರೆಯದಂತಾದರೆ, 31ನೆಯ ಕಲಮಿನಂತೆ ನ್ಯಾಯಾಲಯದಿಂದ ಕಡ್ಡಾಯ ಪರವಾನಗಿ ಪಡೆಯುವ ದಾರಿಯಿದೆ. ಹೂಂ ಎನ್ನದೆ ಊಹೂಂ ಎನ್ನದೆ ಕುಳಿತವನ ಮೇಲೆ ಆ ನಿರಾಕರಣೆಯನ್ನು ಸಾಧಿಸುವ ಭಾರವು ಬಡ ಮಾಸ್ತರನ ತಲೆಯ ಮೇಲೆಯೇ ಬೀಳುತ್ತದೆ.

ವಾರಸುದಾರರೇ ಸಿಕ್ಕದಿದ್ದಲ್ಲಿ ಗತಿಯೇನು? ಅದಕ್ಕೆ 31-ಎ ಎಂಬ ಕಲಮು ಇದೆ. ವಾಚಕ ಮಹಾಶಯರು ಇದನ್ನು ಲಕ್ಷ್ಯಗೊಟ್ಟು ಓದಬೇಕು. ಅರ್ಜಿ ಕೊಡುವ ಮುನ್ನ ಮುದ್ರಿಸುವವನು ತನ್ನ ಉದ್ದೇಶವನ್ನು, ದೇಶದ ಬಹುಭಾಗದಲ್ಲಿ ಓಡಾಡುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರು ಮಾಡಬೇಕಂತೆ! ಭಾಷಾಂತರವಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲಿಯೂ ಹಾಕಬೇಕು. ಕನ್ನಡ ಪುಸ್ತಕವನ್ನು ಕನ್ನಡದಲ್ಲಿಯೇ ಮರುಮುದ್ರಿಸುವುದಾದರೆ ಕನ್ನಡದಲ್ಲಿ ಒಂದು ಅಕ್ಷರವೂ ಬೇಕಿಲ್ಲ! ಅಂಕೋಲೆಯ ಹಳ್ಳಿಯಲ್ಲಿ ಗದ್ದೆ ಮಾಡಿಕೊಂಡಿರುವ ಕವಿಯ ಮೊಮ್ಮಗನು ದಿಲ್ಲಿಯ ಇಂಗ್ಲಿಷ್ ಪತ್ರಿಕೆಯಲ್ಲಿ ತನ್ನ ಅಜ್ಜನ ಹೆಸರನ್ನು ಹುಡುಕುತ್ತಾನೆಯೇ? ಈ ಜಾಹೀರಾತಿನಿಂದ ವಾರಸುದಾರನಿಗೆ ಸುದ್ದಿ ಮುಟ್ಟುವುದಿಲ್ಲ. ಮಾಸ್ತರನ ವರ್ಗಣಿಯ ಹಣ ಮಾತ್ರ ಕರಗುತ್ತದೆ.

ಗದರಿಸಿದ ಪ್ರಕಾಶಕರಿಗೂ ಒಂದು ಮಾತು. ಹಕ್ಕಿನ ವರ್ಗಾವಣೆಗೆ ಸಹಿಯುಳ್ಳ ಬರೆಹ ಬೇಕು. ಆ ಬರೆಹದಲ್ಲಿ ಅವಧಿಯನ್ನು ಹೇಳಿರದಿದ್ದರೆ, 1994ರ ತಿದ್ದುಪಡಿಯಿಂದ ಬಂದ ನಿಯಮದಂತೆ ಅದಕ್ಕೆ ಐದೇ ವರ್ಷದ ಆಯುಷ್ಯ. ಪುಸ್ತಕವನ್ನು ಒಮ್ಮೆ ಅಚ್ಚು ಹಾಕಿದ ಮಾತ್ರಕ್ಕೆ ಕವಿಯ ವಂಶಕ್ಕೇ ಒಡೆಯರಾದೆವೆಂದು ತಿಳಿಯಲಾಗದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ವೇಗವೇಕೆಂದು ಕೇಳುವವರಿದ್ದಾರೆ. 1862ರಲ್ಲಿ ಈ ಜಿಲ್ಹೆಯನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಅಂಟಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ನಾಡು ಕೂಡಿತು. ಆಗಲೂ ಕಾಸರಗೋಡು ಹೊರಗೆ ಉಳಿಯಿತು, ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡಿಗರು ಹೊರಗೆ ಉಳಿದರು. ಅವರನ್ನು ನಮ್ಮೊಡನೆ ಕಟ್ಟಿಹಾಕುವುದು ಕನ್ನಡ ಪುಸ್ತಕ. ಕಡಲತೀರದ ಕವಿಯ ಪುಸ್ತಕವು ಮುದ್ರಣದಿಂದ ಹೋಗಿ, ಮರುಮುದ್ರಣದ ಪತ್ರಕ್ಕೆ ಉತ್ತರವಿಲ್ಲದಿದ್ದರೆ, ಕಾಸರಗೋಡಿನ ಹುಡುಗನ ಪಾಲಿಗೆ ಆ ಕವಿ ಹುಟ್ಟಿಯೇ ಇರಲಿಲ್ಲ. ನಕಾಶೆಯ ಮೇಲೆ ಕೂಡಿದ ನಾಡು ಓದಿನಲ್ಲಿ ಒಡೆದರೆ ಏಕೀಕರಣವು ಪೂರ್ತಿಯಾಯಿತೆಂದು ಹೇಗೆ ಹೇಳೋಣ?

ಕಾಯದೆ ಬದಲಾಗದೆಂಬುದು ಸುಳ್ಳು. ನಮ್ಮ ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರರ ಗ್ರಂಥಗಳ 50 ವರ್ಷದ ಅವಧಿಯು 1991ರ ಕೊನೆಗೆ ತೀರುವುದಿತ್ತು. ದಿಲ್ಲಿಯು ಸುಗ್ರೀವಾಜ್ಞೆ ಹೊರಡಿಸಿ, 1992ರಲ್ಲಿ ಕಾಯದೆಯನ್ನೇ ತಿದ್ದಿ, ಅದನ್ನು 60ಕ್ಕೆ ಏರಿಸಿತು. ಬಂಗಾಳದ ಕವಿಗಾಗಿ ತಿದ್ದಿದ ಲೇಖನಿಯು, ಜಾಹೀರಾತು ಗ್ರಂಥದ ಭಾಷೆಯಲ್ಲಿಯೇ ಇರತಕ್ಕದ್ದೆಂಬ ಒಂದು ಸಾಲನ್ನು ಬರೆಯಲಾರದೇ? ಮದರಾಸು ಸರಕಾರವು 1949ರಲ್ಲಿ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಪಡೆದು, ಮುಂದೆ ಅವನ್ನು ಜನತೆಗೆ ಒಪ್ಪಿಸಿತು. ವಾರಸುದಾರರಿಗೆ ತಕ್ಕ ದ್ರವ್ಯ ಕೊಟ್ಟು ನಮ್ಮ ಸರಕಾರವೂ ಹಾಗೆ ಮಾಡಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಮಾಸ್ತರರೇ, ತರಗತಿಯ ಪಾಠಕ್ಕೆ, ವಿಮರ್ಶೆಯ ನ್ಯಾಯೋಚಿತ ಉದ್ಧರಣೆಗೆ 52ನೆಯ ಕಲಮಿನಂತೆ ಪರವಾನಗಿಯೇ ಬೇಡ, ಅಂಜಬೇಡಿರಿ. ಸಂಗ್ರಹಕ್ಕೆ ಕೇಳುವಾಗ ಯಾವ ಕವಿತೆ, ಎಷ್ಟು ಪ್ರತಿ, ಏನು ಬೆಲೆ, ಎಷ್ಟು ಕಾಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಹಕ್ಕುಳ್ಳ ಮನೆತನದವರೇ, ಪ್ರಕಾಶಕರೇ, ಒಂದು ವಹಿಯನ್ನಿಡಿರಿ. ಬಂದ ಪತ್ರದ ತಾರೀಖನ್ನೂ ಕೊಟ್ಟ ಉತ್ತರದ ತಾರೀಖನ್ನೂ ಅದರಲ್ಲಿ ಕಾಣಿಸಿರಿ. ತಿಂಗಳೊಳಗಾಗಿ ಸಹಿ ಮಾಡಿ ಉತ್ತರಿಸಿರಿ. ಸಾಹಿತ್ಯ ಪರಿಷತ್ತು ಯಾರ ಹಕ್ಕು ಯಾರಲ್ಲಿದೆಯೆಂಬ ಪಟ್ಟಿಯನ್ನು ಮಾಡಿ ಎಲ್ಲರಿಗೂ ತೆರೆದಿಡಲಿ.

ಮಾಸ್ತರರ ಕಾಗದದ ಕಟ್ಟು ನಮ್ಮ ಮೇಜಿನ ಮೇಲೆಯೇ ಇದೆ. ಆ ಆರು ಮನೆಗಳಿಗೆ ನಾವು ಮತ್ತೊಮ್ಮೆ ಬರೆದಿದ್ದೇವೆ. ಈ ಪತ್ರಿಕೆಯನ್ನು ಓದುವವರಲ್ಲಿ ಅವರೂ ಇರಬಹುದು. ಮಹನೀಯರೇ, ನಿಮ್ಮ ಹಿರಿಯರ ಹೆಸರು ಉಳಿಯಲೆಂದೇ ಆ ಮನುಷ್ಯನು ನಿಮ್ಮನ್ನು ಕೇಳುತ್ತಿದ್ದಾನೆ. ಒಪ್ಪಿಗೆಯಾದರೆ ಒಪ್ಪಿಗೆ, ಇಲ್ಲವಾದರೆ ಇಲ್ಲ, ಉತ್ತರ ಬರೆಯಿರಿ.