ಕಿತ್ತದ್ದು, ಹಚ್ಚಿದ್ದು, ಬಿಟ್ಟದ್ದು

ಕುಂದಗೋಳ ತಾಲ್ಲೂಕಿನ ಗುಡಗೇರಿ ಕಾಡಿನ ಊರಲ್ಲ, ಎರೆಭೂಮಿಯ ಊರು. ಗುಡ್ಡಗಾಡಿನ ಪತ್ರಿಕೆಯೊಂದು ಮರಗಳ ಮಾತನ್ನು ಅಲ್ಲಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ಆ ಸೀಮೆಯ ಹೊಲದ ಬದುಗಳಲ್ಲಿ ನಿಂತಿರುವ ಬೇವು, ಜಾಲಿ, ಬನ್ನಿ, ಬಾರಿಗಳಲ್ಲಿ ಬಹುಪಾಲನ್ನು ಯಾರೂ ನೆಟ್ಟಿಲ್ಲ. ಬೇವಿನ ಹಣ್ಣು ತಿಂದ ಹಕ್ಕಿ ಬೀಜವನ್ನು ಬೇಲಿಯಲ್ಲಿ ಉದುರಿಸುತ್ತದೆ. ಜಾಲಿಕಾಯಿ ಮೆಲ್ಲುವ ಆಡು ಅದರ ಬೀಜವನ್ನು ಊರೆಲ್ಲ ಹಂಚುತ್ತದೆ. ಎಳೆಯ ಸಸಿಯನ್ನು ಅದೇ ಆಡಿನ ಬಾಯಿಯಿಂದ ಕಾಯುವುದು ಬಾರಿಕಂಟಿಯ ಮುಳ್ಳು. ರೈತನು ಮಾಡಿದ್ದು ಒಂದೇ: ಬದು ಸವರುವಾಗ ಆ ಸಸಿಯನ್ನು ಬಿಟ್ಟದ್ದು.

ಶ್ರೀಗಂಧದ ಕಥೆ ಇನ್ನೂ ಸ್ವಾರಸ್ಯಕರವಾದುದು. ಅದು ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಹೊಂದಿಸಿ ಆಹಾರ ಪಡೆಯುವ ಮರ. ನೆರೆಯಿಲ್ಲದ ಬೋಳು ನೆಲದಲ್ಲಿ ಅದು ಏಳಿಗೆಯಾಗುವುದಿಲ್ಲ. ‘ಕೆಲಸಕ್ಕೆ ಬಾರದ ಕಂಟಿ’ ಎಂದು ಬೇಲಿಯನ್ನು ಸವರಿದವನು ತನಗರಿವಿಲ್ಲದೆ ಗಂಧದ ತೊಟ್ಟಿಲನ್ನೇ ಸವರಿರುತ್ತಾನೆ.

ಇಂಥ ‘ಕೆಲಸಕ್ಕೆ ಬಾರದ ನೆಲ’ ಎಂಬ ಮಾತೇ ಒಮ್ಮೆ ಈ ಭಾಗದಲ್ಲಿ ದೊಡ್ಡ ಹೋರಾಟಕ್ಕೆ ಕಾರಣವಾಯಿತು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶವಾಗಿತ್ತು. ದನ ಮೂಸಿಯೂ ನೋಡದ ಗಿಡ ಎಂಬುದೇ ನೀಲಗಿರಿಯ ಯೋಗ್ಯತೆಯಾಯಿತು, ಏಕೆಂದರೆ ಅದಕ್ಕೆ ಬೇಲಿಯ ಖರ್ಚಿಲ್ಲ. ದನ ಸಾಕಿದವರಿಗೆ ಅದೇ ಆಪತ್ತಾಯಿತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಹಳ್ಳಿಗರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹೂಡಿ ನೀಲಗಿರಿ ಸಸಿಗಳನ್ನು ಕಿತ್ತರು, ಜನೋಪಯೋಗಿ ಸಸಿಗಳನ್ನು ಹಚ್ಚಿದರು. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿತ್ತು. 1991ರಲ್ಲಿ ಕಂಪನಿ ಮುಚ್ಚಿತು. 2017ರಲ್ಲಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು.

ಕೀಳುವುದೂ ಹಚ್ಚುವುದೂ ಜನರ ನೆನಪಿನಲ್ಲಿ ಉಳಿದವು. ಬಿಡುವುದು ಎಂಬ ಮೂರನೆಯ ಕೆಲಸಕ್ಕೆ ಅಷ್ಟು ಮಾನ್ಯತೆ ದೊರೆಯಲಿಲ್ಲ.

ಗುಡಗೇರಿಯ ಎರೆ ಹಿಂದುಳಿದು, ಕಲಘಟಗಿಯ ಕಡೆ ಪಶ್ಚಿಮಕ್ಕೆ ಸರಿದಂತೆ ಎಲೆಯುದುರುವ ಕಾಡು ಆರಂಭವಾಗುತ್ತದೆ: ಮತ್ತಿ, ಹೊನ್ನೆ, ದಿಂಡಲ, ಸಾಗವಾನಿ. ಇಂಥ ಒಣಕಾಡಿನ ಸಸಿಗಳಿಗೊಂದು ವಿಶೇಷ ಗುಣವಿದೆ. ಬೇಸಿಗೆಯ ಬಿಸಿಲಿಗೋ ಬೆಂಕಿಗೋ ಮೇಲಿನ ಚಿಗುರು ಒಣಗಿ ಹೋಗುತ್ತದೆ, ಬೇರು ಮಾತ್ರ ಬದುಕಿರುತ್ತದೆ. ಮರುಮಳೆಗೆ ಮತ್ತೆ ಚಿಗುರಿ, ಮತ್ತೆ ಒಣಗುತ್ತದೆ. ಹೀಗೆ ವರ್ಷಗಟ್ಟಲೆ ನೆಲದೊಳಗೆ ಬೇರು ದಪ್ಪವಾಗುತ್ತ ಹೋಗಿ, ಒಂದೆರಡು ವರ್ಷ ಬೆಂಕಿ ತಪ್ಪಿದಾಗ ಕಾಂಡ ಒಮ್ಮೆಲೇ ಮೇಲೇಳುತ್ತದೆ. ಮೊಣಕಾಲೆತ್ತರದ ಚಿಗುರಿನ ಕೆಳಗೆ ಹತ್ತು ವರ್ಷದ ಬೇರಿರಬಹುದು. ನರ್ಸರಿಯ ಪ್ಲಾಸ್ಟಿಕ್ ಚೀಲದ ಯಾವ ಸಸಿಗೂ ಆ ಬಂಡವಾಳವಿಲ್ಲ. ಬೀಟೆ, ಮುತ್ತುಗಗಳಂತೂ ಬೇರಿನಿಂದಲೇ ಹೊಸ ಗಿಡಗಳನ್ನೆಬ್ಬಿಸುತ್ತವೆ.

ಅನಾಹುತವಾಗುವುದು ಇಲ್ಲಿಯೇ. ನೆಡುತೋಪಿನ ಗುಂಡಿಗಳನ್ನು ತೋಡುವುದು ಬೇಸಿಗೆಯಲ್ಲಿ. ಆಗ ಚಿಗುರೆಲ್ಲ ಒಣಗಿ, ಜೀವಂತ ಬೇರು ತುಂಬಿದ ನೆಲವೂ ಬರಡಾಗಿಯೇ ಕಾಣುತ್ತದೆ. ಕಂಟಿ ಸವರಿ, ಯಂತ್ರದಿಂದ ನೆಲ ಕೆದಕಿ, ಹಳೆಯ ಬೇರುಗಳನ್ನು ಹರಿದು, ಅವುಗಳ ಜಾಗದಲ್ಲಿ ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನಿಲ್ಲಿಸಲಾಗುತ್ತದೆ. ಜುಲೈ ಮೊದಲ ವಾರದ ವನಮಹೋತ್ಸವ 1950ರಿಂದಲೂ ನಡೆದುಬಂದಿದೆ. ಆ ವಾರ ನೆಟ್ಟ ಸಸಿಗಳ ಸಂಖ್ಯೆ ಸುದ್ದಿಯಾಗುತ್ತದೆ, ತಾನಾಗಿ ಎದ್ದ ಸಸಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಅತಿಥಿ ವಿರಳ.

ಬಿಡುವುದೆಂದರೆ ಎಲ್ಲೆಡೆಯೂ ಕೈಕಟ್ಟಿ ಕೂರುವುದೆಂದು ಅರ್ಥವಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಜೌಗುಕಾಡಿನ ಮರಗಳ ಬೀಜ ಒಣಗಿದರೆ ಸತ್ತಂತೆ. ಅದಕ್ಕೆ ನೆರಳೂ ತೇವವೂ ಬೇಕು, ರಾಮಪತ್ರೆಯ ಬೀಜವನ್ನು ದೂರ ಒಯ್ಯಲು ಮಂಗಟ್ಟೆ ಬೇಕು. ಕೇರಿನ ಕುಲಕ್ಕೆ ಸೇರಿದ ಒಂದು ಮರ 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾಗಿ ಆ ಕಾನಿನ ಹೆಸರನ್ನೇ ಪಡೆದಿದೆ. ಅಲ್ಲಿ ಮೇಲಿನ ಚಪ್ಪರ ಒಮ್ಮೆ ಹರಿದರೆ ಮರಳಿ ಕೂಡಲು ತಲೆಮಾರುಗಳೇ ಬೇಕು. ಮತ್ತಿಕಾಡಿಗೆ ಸಲ್ಲುವ ಭರವಸೆ ಕಾನಿಗೆ ಸಲ್ಲದು. ಬೇರು, ಬೀಜದ ಮರ ಎರಡೂ ಅಳಿದು ಬಳ್ಳಾರಿ ಜಾಲಿಯೊಂದೇ ಹಬ್ಬಿದ ಗೋಮಾಳವೂ ಬರಿದೆ ಬಿಟ್ಟರೆ ಸುಧಾರಿಸದು.

ಇನ್ನೊಂದು ತೊಡಕನ್ನು ಮುಚ್ಚಿಡಬಾರದು. ಗುಂಡಿ ತೋಡಿದರೆ ಕೂಲಿ ಸಿಗುತ್ತದೆ, ಬಿಟ್ಟರೆ ಸಿಗದು. ಗೋಮಾಳವನ್ನು ಮೂರು ವರ್ಷ ಮುಚ್ಚಿದರೆ ಮೊದಲು ಕಷ್ಟಕ್ಕೊಳಗಾಗುವವರು ಭೂಮಿಯಿಲ್ಲದ ಕುರಿಗಾರರು. ಆದ್ದರಿಂದ ಬೆಂಕಿಗೆರೆ ತೆಗೆಯುವುದು, ಕಾವಲು, ಕಳೆ ಕೀಳುವುದು ಇವುಗಳಿಗೂ ಕೂಲಿ ದೊರೆಯಬೇಕು. ಗೋಮಾಳವನ್ನು ಒಮ್ಮೆಲೇ ಮುಚ್ಚದೆ ಭಾಗ ಭಾಗವಾಗಿ ಸರದಿಯ ಮೇಲೆ ಮುಚ್ಚಬೇಕು, ಅದನ್ನು ನಿರ್ಧರಿಸುವ ಸಭೆಯಲ್ಲಿ ಕುರಿಗಾರರೂ ಕುಳಿತಿರಬೇಕು.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಂದ ಈ ಕಾರ್ಯ ಆರಂಭವಾಗಲು ಅಡ್ಡಿಯಿಲ್ಲ. ನೆಡುತೋಪಿಗೆಂದು ಗುರುತಿಸಿದ ನೆಲದಲ್ಲಿ ಐದಾರು ಕಡೆ ಹಗ್ಗದಿಂದ ಹತ್ತು ಮೀಟರ್ ಚೌಕ ಹಾಕಿ, ಒಳಗಿರುವ ಪ್ರತಿ ಚಿಗುರನ್ನೂ ಊರಿನ ಹೆಸರಿನಿಂದಲೇ ಬರೆದುಕೊಳ್ಳಬೇಕು. ಗುರುತು ಸಿಗದಿದ್ದರೆ ಕುರಿ ಕಾಯುವ ಅಜ್ಜನನ್ನು ಕೇಳಬಹುದು. ಆ ಪಟ್ಟಿಯನ್ನು, 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದಿಡಬೇಕು. ಚಿಗುರು ದಟ್ಟವಾಗಿರುವಲ್ಲಿ ಗುಂಡಿ ಬೇಡ, ಇಲ್ಲದಲ್ಲಿ ಸಮೀಪದ ಕಾಡಿನ ಬೀಜವನ್ನೇ ಊರಬಹುದು. ಎಣಿಕೆಗೆ ಬೇಸಿಗೆಯವರೆಗೆ ಕಾಯುವಂತಿಲ್ಲ. ಎಲೆ ಇನ್ನೂ ಗಿಡದ ಮೇಲಿರುವಾಗ, ದೀಪಾವಳಿಯ ಹೊತ್ತಿಗೆ ಅದು ಮುಗಿದಿರಬೇಕು.