ಮೇಣದ ಹಲ್ಲು

ಮಕ್ಕಳೇ, 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದು ನಿಮ್ಮಲ್ಲಿ ದೊಡ್ಡವರಿಗೆ ನೆನಪಿದ್ದೀತು. ಪಾಠ ಮೊಬೈಲಿಗೆ ಬಂತು. ಡಾಕ್ಟರಾಗಲು ಓದುತ್ತಿದ್ದ ಅಣ್ಣ ಅಕ್ಕಂದಿರ ಪಾಠವೂ ಅಷ್ಟೆ.

ಅವರಿಗೆ ಹೇಗನ್ನಿಸಿತು? ಉಪನ್ಯಾಸ ಕೇಳಲು ಅನುಕೂಲವಾಯಿತು ಎಂದರು ಹಲವರು. ರೆಕಾರ್ಡ್ ಆದ ಪಾಠವನ್ನು ಅರ್ಥವಾಗುವವರೆಗೂ ಕೇಳಬಹುದು. ನಮ್ಮ ಬಸವೇಶ್ವರನಗರದಿಂದ ಮಾರ್ಕೆಟ್ ಹತ್ತಿರದ ವೈದ್ಯಕೀಯ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಬೇಕಿಲ್ಲ. ಮಲೆನಾಡಿನ ಊರಿಗೆ ಹೋದವರಿಗೆ ಮಾತ್ರ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಪಾಡು.

ಆದರೆ ಊರು ಯಾವುದಾದರೂ ಕೊರತೆ ಒಂದೇ. ಕೈಗೆ ಕೆಲಸವಿರಲಿಲ್ಲ. ದಂತ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ಮೇಣದ ತುಂಡು ಕೆತ್ತಿ ಹಲ್ಲು ಮಾಡಿಸುತ್ತಾರೆ. ಆಮೇಲೆ ಬೊಂಬೆಯ ಬಾಯಲ್ಲಿ ಹಲ್ಲು ಕೊರೆದು ತುಂಬುವ ಅಭ್ಯಾಸ. ಅದಾದ ಮೇಲೇ ರೋಗಿ. ಎಂಬಿಬಿಎಸ್ ಓದುವವರು ದಾನವಾಗಿ ಬಂದ ದೇಹದ ಮುಂದೆ ನಿಂತು ಅಂಗಗಳನ್ನು ಅರಿಯಬೇಕು. ರೋಗಿಯ ನಾಡಿ ಹಿಡಿಯಬೇಕು, ಹೊಟ್ಟೆ ಒತ್ತಿ ನೋಡಬೇಕು. ಹೇಗೆ ಒತ್ತಬೇಕೆಂದು ಮೊಬೈಲು ತೋರಿಸೀತು. ಎಷ್ಟು ಒತ್ತಬೇಕೆಂಬುದು ಬೆರಳಿಗೇ ತಿಳಿಯಬೇಕು. ಸೈಕಲ್ ಕಲಿತ ನಿಮಗೆ ಇದು ಗೊತ್ತು.

ಕರ್ನಾಟಕದ ವೈದ್ಯಕೀಯ, ದಂತ ವೈದ್ಯಕೀಯ ಕಾಲೇಜುಗಳು 2020ರ ಡಿಸೆಂಬರ್ 1ರಂದು, ಶಾಲೆಗಳಿಗಿಂತ ಮೊದಲೇ, ಮತ್ತೆ ತೆರೆದವು. ಕೈ ಕಲಿಯಬೇಕಾದ್ದು ಅಷ್ಟು ಬಾಕಿ ಇತ್ತು.

ಅಜ್ಜ ಅಜ್ಜಿಯರಿಗೊಂದು ಮಾತು. ದಂತ ಕಾಲೇಜಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿ ನಿಮ್ಮ ಹಲ್ಲು ನೋಡಲು ಬಂದರೆ ಗಾಬರಿ ಬೇಡ. ಮೇಲೆ ಗುರುಗಳ ಕಣ್ಣಿರುತ್ತದೆ. ಹತ್ತು ನಿಮಿಷ ಹೆಚ್ಚು ಹೊತ್ತು ಬಾಯಿ ತೆರೆದು ಕೂತರೆ ಅದೂ ವಿದ್ಯಾದಾನವೇ.